ಶಾತವಾಹನರ ಸೀಸದ ನಾಣ್ಯ: ಲೋಹದ ಮೂಲ ಹುಡುಕುವುದು ಹೇಗೆ?

ಮೊದಲ ಮಾತು, ನಾಣ್ಯವನ್ನು ತಿಕ್ಕಿ ತೊಳೆಯಬೇಡಿ. ಹುಣಸೆಹಣ್ಣು, ನಿಂಬೆರಸ ಯಾವುದೂ ಬೇಡ. ಆ ಬೂದು ಪದರ ಕೂಡ ಸಾಕ್ಷಿಯೇ, ಅಲ್ವಾ?

ಚಿತ್ರದುರ್ಗದ ಚಂದ್ರವಳ್ಳಿಯಂಥ ಕಡೆ ಸಿಕ್ಕ ನಾಣ್ಯವಾದರೆ, ಎಲ್ಲಿ, ಮಣ್ಣಿನ ಯಾವ ಪದರದಲ್ಲಿ ಸಿಕ್ಕಿತು ಅಂತ ಬರೆದಿಡಿ. ಆಮೇಲೆ ತೂಕ. ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ಮುಳುಗಿಸಿ ಒಮ್ಮೆ ತೂಗಿ, ಮೊದಲ ತೂಕವನ್ನು ಎರಡರ ವ್ಯತ್ಯಾಸದಿಂದ ಭಾಗಿಸಿ. ಬರುವ ಅಂಕಿ ಲೋಹದ ಸಾಂದ್ರತೆ: ಸೀಸಕ್ಕೆ ಸುಮಾರು 11.3, ತಾಮ್ರಕ್ಕೆ 8.9 ಬರುತ್ತದೆ. ತುಕ್ಕು ಜಾಸ್ತಿ ಇದ್ದರೆ ಲೆಕ್ಕ ತಪ್ಪುತ್ತದೆ.

ಮುಂದಿನದು ಎಕ್ಸ್‌ಆರ್‌ಎಫ್, ಅಂದರೆ ಎಕ್ಸ್‌ರೇ ಬಿಟ್ಟು ಲೋಹ ಗುರುತಿಸುವ ಪರೀಕ್ಷೆ. ನಾಣ್ಯಕ್ಕೆ ಗಾಯವಾಗದೆ ಯಾವ ಲೋಹ ಎಷ್ಟಿದೆ ಅಂತ ಹೇಳುತ್ತದೆ, ಆದರೆ ಮೇಲ್ಮೈಯನ್ನು ಮಾತ್ರ ನೋಡುತ್ತದೆ. ಹಾಗಾಗಿ ಎರಡೂ ಬದಿಯಲ್ಲಿ, ನಾಲ್ಕೈದು ಕಡೆ ಅಳೆಯಿರಿ. ಒಂದೇ ಅಂಕಿಯನ್ನು ನಂಬಬೇಡಿ.

ಮೂಲ ತಿಳಿಯಲು ಬೇಕಾದದ್ದು ಸೀಸದ ಐಸೋಟೋಪ್ ಪರೀಕ್ಷೆ, ನನಗೆ ತುಂಬಾ ಇಷ್ಟವಾದ ಭಾಗ ಇದು. ಸೀಸದಲ್ಲಿ 204, 206, 207, 208 ಎಂಬ ನಾಲ್ಕು ಬಗೆಯ ಸ್ಥಿರ ಪರಮಾಣುಗಳಿವೆ, ಅವುಗಳ ಅನುಪಾತ ಅದಿರಿನ ವಯಸ್ಸು, ಹುಟ್ಟಿದ ಬಂಡೆಗೆ ತಕ್ಕಂತೆ ಬದಲಾಗುತ್ತದೆ, ಕರಗಿಸಿ ಅಚ್ಚು ಹಾಕಿದರೂ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಅಂಚಿನಿಂದ ತೆಗೆದ ಚೂರೇ ಚೂರು ಲೋಹ ಸಾಕು. ಬಂದ ಅಂಕಿಗಳನ್ನು ರಾಜಸ್ಥಾನದ ಜಾವರ್, ಆಂಧ್ರದ ಅಗ್ನಿಗುಂಡಾಲದಂಥ ಗಣಿಗಳ ಅದಿರಿನ ಜೊತೆ ಹೋಲಿಸಿ.

ಹೊಂದದಿದ್ದರೆ ಆ ಗಣಿಯನ್ನು ಕೈಬಿಡಬಹುದು. ಹೊಂದಿದರೆ ಮಾತ್ರ ಅವಸರ ಬೇಡ, ಬೇರೆ ಗಣಿಯೂ ಹಾಗೇ ಇರಬಹುದು, ಹಳೇ ನಾಣ್ಯ ಕರಗಿಸಿ ಬೆರೆಸಿರಲೂಬಹುದು.