ಇಪ್ಪತ್ತು ಹೆರಿಗೆಗಳ ಲೆಕ್ಕ: ನಾನು ನರ್ಸಿಂಗ್ ಕಾಲೇಜು ಆರಿಸಿಕೊಂಡದ್ದು, ನೋಂದಣಿ ಪಡೆದದ್ದು

ನನ್ನ ಚಿಕ್ಕಪ್ಪನ ಮಗಳು ಈ ವರ್ಷ ಪಿಯುಸಿ ಮುಗಿಸಿದ್ದಾಳೆ. ಬಿ.ಎಸ್ಸಿ ನರ್ಸಿಂಗ್ ಸೇರುವ ಆಸೆಯಿಂದ ಏಳೆಂಟು ಕಾಲೇಜುಗಳ ಬಣ್ಣಬಣ್ಣದ ಕರಪತ್ರಗಳನ್ನು ತಂದು ನನ್ನ ಮುಂದೆ ಹರಡಿ, "ಅಕ್ಕ, ಇದರಲ್ಲಿ ಯಾವುದಕ್ಕೆ ಸೇರಲಿ?" ಎಂದು ಕೇಳಿದಳು. "ಹೆರಿಗೆ ಮಾಡಿಸುವುದನ್ನು ಎಲ್ಲಿ ಕಲಿಸುತ್ತಾರಂತೆ?" ಎಂದು ನಾನು ಕೇಳಿದೆ. ಹಾಸ್ಟೆಲ್, ಬಸ್ಸು, ಕಂಪ್ಯೂಟರ್ ಲ್ಯಾಬ್ ಎಲ್ಲದರ ಚಿತ್ರವೂ ಆ ಕರಪತ್ರಗಳಲ್ಲಿತ್ತು. ನಾನು ಕೇಳಿದ್ದಕ್ಕೆ ಮಾತ್ರ ಒಂದರಲ್ಲೂ ಉತ್ತರವಿರಲಿಲ್ಲ. ತಾಲ್ಲೂಕು ಆಸ್ಪತ್ರೆಯೊಂದರ ಹೆರಿಗೆ ಕೋಣೆಯಲ್ಲಿ ಶುಶ್ರೂಷಾಧಿಕಾರಿಯಾಗಿ ಕೆಲಸ ಮಾಡುತ್ತಿರುವ ನನಗೆ, ಕಾಲೇಜು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ ಎಂಬ ವಿಷಯದಲ್ಲಿ ಸಂಶಯವಿಲ್ಲ. ಹಾಗೆ ನಂಬಲು ಕಾರಣವಾದ ನನ್ನ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಪಿಯುಸಿ ವಿಜ್ಞಾನ ಮುಗಿಸಿದ್ದು 2011ರಲ್ಲಿ. ಹೊನ್ನಾಳಿ ತಾಲ್ಲೂಕಿನ ನಮ್ಮ ಊರಿನಲ್ಲಿ ಅಪ್ಪಾಜಿಗೆ ಎರಡು ಎಕರೆ ಗದ್ದೆ ಇತ್ತು. ನರ್ಸಿಂಗ್ ಓದಿದರೆ ಬೇಗ ಕೆಲಸ ಸಿಗುತ್ತದೆಂಬ ಮಾತನ್ನು ಕೇಳಿದ್ದೆವೇ ಹೊರತು ಆ ಓದು ಹೇಗಿರುತ್ತದೆಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪರಿಚಯದವರೊಬ್ಬರ ಮೂಲಕ ಏಜೆಂಟರೊಬ್ಬರು ಮನೆಗೆ ಬಂದು, ಬೆಂಗಳೂರಿನ ಕಾಲೇಜೊಂದರಲ್ಲಿ ಸೀಟು ಕೊಡಿಸುವುದಾಗಿ ಹೇಳಿ, ಮರುವಾರ ನನ್ನನ್ನೂ ಅಪ್ಪಾಜಿಯನ್ನೂ ಅಲ್ಲಿಗೆ ಕರೆದುಕೊಂಡು ಹೋದರು. ನಾಲ್ಕು ಅಂತಸ್ತಿನ ಚಂದದ ಕಟ್ಟಡ. ಪ್ರಾಯೋಗಿಕ ಕೋಣೆಯಲ್ಲಿ ಐದು ಮಂಚಗಳ ಮೇಲೆ ಐದು ಗೊಂಬೆಗಳು ಮಲಗಿದ್ದವು. ಅವುಗಳಲ್ಲಿ ಮೂರರ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ. "ಆಸ್ಪತ್ರೆ ಎಲ್ಲಿದೆ?" ಎಂದು ಅಪ್ಪಾಜಿ ಕೇಳಿದಾಗ, ಪಕ್ಕದ ರಸ್ತೆಯಲ್ಲಿದ್ದ ಎರಡು ಮಹಡಿಯ ನರ್ಸಿಂಗ್ ಹೋಂ ತೋರಿಸಿದರು. ಅಲ್ಲಿ ಹಾಸಿಗೆಗಳೆಲ್ಲ ಅಚ್ಚುಕಟ್ಟಾಗಿದ್ದವು. ಒಬ್ಬರು ಅಜ್ಜಿಗೆ ಡ್ರಿಪ್ ಹಾಕಿದ್ದನ್ನು ಬಿಟ್ಟರೆ ರೋಗಿಗಳೇ ಕಾಣಲಿಲ್ಲ. ಆಫೀಸಿಗೆ ಮರಳಿದ ಮೇಲೆ ನನ್ನ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಯ ಮೂಲ ಅಂಕಪಟ್ಟಿಗಳನ್ನು ಅಂದೇ ಕೊಟ್ಟು ಹೋಗಬೇಕೆಂದರು. ಅಪ್ಪಾಜಿ, "ಊರಿಗೆ ಹೋಗಿ ದುಡ್ಡು ಹೊಂದಿಸಿಕೊಂಡು ಬರುತ್ತೇವೆ" ಎಂದು ಹೇಳಿ ಎದ್ದುಬಿಟ್ಟರು. ಅಂದು ಅವರು ಎದ್ದದ್ದು ಎಷ್ಟು ದೊಡ್ಡ ನಿರ್ಧಾರವಾಗಿತ್ತೆಂಬುದು ನನಗೆ ತಿಳಿದದ್ದು ಬಹಳ ದಿನಗಳ ನಂತರ.

ನಮ್ಮ ಬೀದಿಯ ಹೆಣ್ಣುಮಗಳೊಬ್ಬರು ಆಗ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದರು. ನಡೆದದ್ದನ್ನೆಲ್ಲ ಕೇಳಿದ ಅವರು ಒಂದು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಅಂದಿನ ಪಠ್ಯಕ್ರಮದ ಪ್ರಕಾರ ಪ್ರತಿ ವಿದ್ಯಾರ್ಥಿಯೂ 20 ಸಹಜ ಹೆರಿಗೆಗಳನ್ನು ತನ್ನ ಕೈಯಾರೆ ಮಾಡಿಸಿ, ಅವನ್ನು ಕೇಸ್ ಬುಕ್‌ನಲ್ಲಿ ದಾಖಲಿಸಬೇಕಿತ್ತು. ಒಂದು ತರಗತಿಯಲ್ಲಿ 60 ಜನ ಇದ್ದರೆ 1200 ಹೆರಿಗೆಗಳಾಗಬೇಕು. ದಿನಕ್ಕೊಂದು ಹೆರಿಗೆಯಾಗುವ ನರ್ಸಿಂಗ್ ಹೋಂನಲ್ಲಿ ವರ್ಷವಿಡೀ ಆಗುವುದು 365. ಅದರಲ್ಲಿ ಸಿಸೇರಿಯನ್ ಕಳೆಯಬೇಕು, ದುಡ್ಡು ಕೊಟ್ಟು ಬಂದವರು ವಿದ್ಯಾರ್ಥಿಗಳ ಕೈಯಲ್ಲಿ ಹೆರಿಗೆ ಮಾಡಿಸಿಕೊಳ್ಳಲು ಒಪ್ಪದೆ ಇರುವುದನ್ನೂ ಕಳೆಯಬೇಕು. "ಉಳಿದದ್ದನ್ನು ಎಲ್ಲಿಂದ ತರ್ತಾರೆ ಹೇಳು? ಪುಸ್ತಕದಲ್ಲಿ ಬರೀತಾರೆ ಅಷ್ಟೆ" ಎಂದರು. ಒಬ್ಬ ವಿದ್ಯಾರ್ಥಿಗೆ ಕನಿಷ್ಠ ಮೂವರು ರೋಗಿಗಳಿರಬೇಕು, ಬಿ.ಎಸ್ಸಿ ನಡೆಸುವ ಸಂಸ್ಥೆಗೆ ಕನಿಷ್ಠ 100 ಹಾಸಿಗೆಗಳ ತನ್ನದೇ ಆದ ಆಸ್ಪತ್ರೆ ಇರಬೇಕು ಎಂದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡಗಳು ಹೇಳುತ್ತವೆ. ಮಾನದಂಡ ಕಾಗದದ ಮೇಲಿರುತ್ತದೆ. ವಾರ್ಡನ್ನು ಮಾತ್ರ ನಾವೇ ಹೋಗಿ ನೋಡಬೇಕು. ಅದಕ್ಕೆ ಅವರು ಹೇಳಿಕೊಟ್ಟ ದಾರಿ ಬಹಳ ಸರಳವಾಗಿತ್ತು: ಕಾಲೇಜಿಗೆ ಹೋಗುವ ಮೊದಲು ಬೆಳಿಗ್ಗೆ ಎಂಟು ಗಂಟೆಗೆ ಆಸ್ಪತ್ರೆಗೆ ಹೋಗು, ಯಾವ ಕಾಲೇಜಿನ ಸಮವಸ್ತ್ರದ ಮಕ್ಕಳು ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದಾರೆ ನೋಡು, ಅವರನ್ನೇ ಕೇಳು.

ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ನಾನೂ ಅಮ್ಮನೂ ಹೋಗಿ ಒಂದು ಇಡೀ ಬೆಳಿಗ್ಗೆ ಅಲ್ಲೇ ಇದ್ದೆವು. ಎರಡು ಮೂರು ಬಗೆಯ ಸಮವಸ್ತ್ರದ ವಿದ್ಯಾರ್ಥಿನಿಯರು ಬಿ.ಪಿ. ನೋಡುತ್ತ, ಹಾಸಿಗೆ ಬದಲಿಸುತ್ತ, ಔಷಧಿ ಟ್ರೇ ಹಿಡಿದು ಸಿಸ್ಟರ್‌ಗಳ ಹಿಂದೆ ಓಡಾಡುತ್ತಿದ್ದರು. ಹೆರಿಗೆ ವಾರ್ಡಿನ ಹೊರಗೆ ನಿಂತಿದ್ದ ಕೊನೆಯ ವರ್ಷದ ಒಬ್ಬರನ್ನು ಅಮ್ಮ ಮಾತನಾಡಿಸಿ, "ನೀವೇ ಹೆರಿಗೆ ಮಾಡಿಸ್ತೀರೇನಮ್ಮ?" ಎಂದು ಕೇಳಿದಾಗ, ಆ ಹುಡುಗಿ ತನ್ನ ಕೇಸ್ ಬುಕ್ ತೆರೆದು ತೋರಿಸಿದಳು. ಹದಿನಾರು ಪುಟಗಳು ತುಂಬಿದ್ದವು. ಒಂದೊಂದರ ಕೆಳಗೂ ಬೇರೆ ಬೇರೆ ಶಾಯಿಯಲ್ಲಿ ಬೇರೆ ಬೇರೆ ಸಿಸ್ಟರ್‌ಗಳ ಸಹಿ ಇತ್ತು, ಪುಟಗಳ ಅಂಚು ಮಾಸಿತ್ತು. ಒಂದೇ ದಿನ ಕುಳಿತು ಬರೆದ ಪುಸ್ತಕ ಹಾಗಿರುವುದಿಲ್ಲ. ಆಕೆ ಓದುತ್ತಿದ್ದ ಕಾಲೇಜು ಹಳೆಯ ಕಟ್ಟಡದಲ್ಲಿತ್ತು, ಗ್ರಂಥಾಲಯವೂ ಚಿಕ್ಕದು. ನಾನು ಅಲ್ಲಿಗೇ ಸೇರಿದೆ.

ಜಿಎನ್‌ಎಂ (ನರ್ಸಿಂಗ್ ಮತ್ತು ಹೆರಿಗೆ ಶುಶ್ರೂಷೆಯ ಡಿಪ್ಲೊಮಾ) ಸೇರಬೇಕೋ ಬಿ.ಎಸ್ಸಿ ಸೇರಬೇಕೋ ಎಂಬ ಪ್ರಶ್ನೆ ನನಗೆ ಹೆಚ್ಚು ಕಾಡಲಿಲ್ಲ. ಬಿ.ಎಸ್ಸಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಜಿಎನ್‌ಎಂಗೆ ಬೇರೆ ವಿಭಾಗದವರೂ ಸೇರಬಹುದು. ಎರಡರಲ್ಲಿ ಯಾವುದನ್ನು ಓದಿದರೂ ನೋಂದಾಯಿತ ನರ್ಸ್ ಆಗಬಹುದು. ಆದರೆ ಮುಂದೆ ಎಂ.ಎಸ್ಸಿ ಮಾಡಿ ಬೋಧನೆಗೆ ಹೋಗುವ ಮನಸ್ಸಿದ್ದವರಿಗೆ ಬಿ.ಎಸ್ಸಿ ನೇರ ದಾರಿ. ನನ್ನೊಂದಿಗೆ ಕೆಲಸ ಮಾಡುವ ಅತ್ಯಂತ ನುರಿತ ಇಬ್ಬರು ಸಿಸ್ಟರ್‌ಗಳು ಜಿಎನ್‌ಎಂ ಓದಿದವರು ಎಂಬುದನ್ನೂ ಹೇಳಲೇಬೇಕು.

ಮೊದಲ ಎರಡು ವರ್ಷ ಅಂಗರಚನಾಶಾಸ್ತ್ರ, ಔಷಧಶಾಸ್ತ್ರ, ವೈದ್ಯಕೀಯ ಮತ್ತು ಶಸ್ತ್ರಚಿಕಿತ್ಸಾ ಶುಶ್ರೂಷೆಗಳಲ್ಲಿ ಕಳೆದವು. ಕನ್ನಡ ಮಾಧ್ಯಮದಿಂದ ಬಂದಿದ್ದ ನನಗೆ ಮೊದಲ ಆರು ತಿಂಗಳು ಪಾಠ ಅರ್ಥವಾಗುವುದೇ ಕಷ್ಟವಾಗಿತ್ತು. ಪ್ರತಿ ಪದವನ್ನೂ ಅದರ ಕನ್ನಡ ಅರ್ಥದೊಂದಿಗೆ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡು ದಾಟಿದೆ. ನಾನು ನಿಜವಾಗಿ ನರ್ಸ್ ಆದದ್ದು ಮಾತ್ರ ಹೆರಿಗೆ ಕೋಣೆಯ ಪೋಸ್ಟಿಂಗ್‌ನಲ್ಲಿ.

ಮೊದಲ ಹೆರಿಗೆ ಇಂದಿಗೂ ಕಣ್ಣ ಮುಂದಿದೆ. ಹರಪನಹಳ್ಳಿ ಕಡೆಯ ಹೆಣ್ಣುಮಗಳು, ಎರಡನೆಯ ಬಸಿರು. ಮಗುವಿನ ತಲೆ ಕಾಣಿಸಿಕೊಂಡಾಗ ನನ್ನ ಎಡಗೈಯನ್ನು ಸಿಸ್ಟರ್ ತಾವೇ ಹಿಡಿದು ತಲೆಯ ಮೇಲಿರಿಸಿ, ಅದು ಒಮ್ಮೆಲೇ ನುಗ್ಗದಂತೆ ಹದವಾಗಿ ಒತ್ತಿ ಹಿಡಿಯಲು ಹೇಳಿದರು. ಬಲಗೈಯಲ್ಲಿ ಬಟ್ಟೆ ಹಿಡಿದು ಕೆಳಭಾಗಕ್ಕೆ ಆಸರೆ ಕೊಟ್ಟಿದ್ದೆ. ತಲೆ ಹೊರಬಂದ ಕೂಡಲೇ ಎಳೆಯಬೇಕೆಂದು ನನ್ನ ಕೈ ಮುಂದಾಯಿತು. "ಅವಸರ ಮಾಡಬೇಡಮ್ಮ, ತಾನಾಗೇ ತಿರುಗುತ್ತೆ, ಕಾಯಿ" ಎಂದರು ಸಿಸ್ಟರ್. ಕೆಲವು ಕ್ಷಣಗಳಲ್ಲಿ ತಲೆ ತಾನಾಗಿಯೇ ತಾಯಿಯ ತೊಡೆಯ ಕಡೆಗೆ ತಿರುಗಿದ್ದನ್ನು ಅಂಗೈಯಲ್ಲಿ ಅನುಭವಿಸಿದೆ. ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿದೆಯೇ ಎಂದು ಬೆರಳಿನಿಂದ ನೋಡಿ, ಮುಂದಿನ ಭುಜ, ಆಮೇಲೆ ಹಿಂದಿನ ಭುಜ ಬಂದ ಮೇಲೆ ಮಗು ಪೂರ್ತಿ ಕೈಗೆ ಬಂತು. ಒಂದು ನಿಮಿಷದೊಳಗೆ ತಾಯಿಯ ತೊಡೆಗೆ 10 ಯುನಿಟ್ ಆಕ್ಸಿಟೋಸಿನ್ ಕೊಡಬೇಕು, ಬಳ್ಳಿ ಉದ್ದವಾಗುವುದನ್ನೂ ಗರ್ಭಕೋಶ ಗಟ್ಟಿಯಾಗಿ ಉಂಡೆಯಾಗುವುದನ್ನೂ ನೋಡಿಕೊಂಡು ಮಾಸು ತೆಗೆಯಬೇಕು, ಮಾಸಿನ ತುಂಡು ಒಳಗುಳಿದಿಲ್ಲವೆಂದು ಬೆಳಕಿಗೆ ಹಿಡಿದು ಖಚಿತಪಡಿಸಿಕೊಳ್ಳಬೇಕು. ಇದನ್ನೆಲ್ಲ ಪುಸ್ತಕದಲ್ಲಿ ನಾನು ಬಾಯಿಪಾಠ ಮಾಡಿದ್ದೆ. ಗಟ್ಟಿಯಾದ ಗರ್ಭಕೋಶಕ್ಕೂ ಮೆತ್ತಗಾದ ಗರ್ಭಕೋಶಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಹೊಟ್ಟೆಯ ಮೇಲೆ ಕೈಯಿಟ್ಟೇ ಕಲಿಯಬೇಕು. ಹೆರಿಗೆಯ ನಂತರ ತಾಯಂದಿರು ಪ್ರಾಣ ಕಳೆದುಕೊಳ್ಳುವ ದೊಡ್ಡ ಕಾರಣ ರಕ್ತಸ್ರಾವ; ಗರ್ಭಕೋಶ ಮೆತ್ತಗೇ ಉಳಿದರೆ ರಕ್ತ ನಿಲ್ಲುವುದಿಲ್ಲ. ಅದನ್ನು ಮೊದಲು ಅರಿಯಬೇಕಾದದ್ದು ಪಕ್ಕದಲ್ಲಿ ನಿಂತ ನರ್ಸಿನ ಕೈ. ಹನ್ನೊಂದೋ ಹನ್ನೆರಡೋ ಹೆರಿಗೆಗಳಾದ ಮೇಲೆ ನನ್ನ ಕೈಗೆ ಆ ವ್ಯತ್ಯಾಸ ತಿಳಿಯತೊಡಗಿತು. ಇಪ್ಪತ್ತು ಎಂಬ ಸಂಖ್ಯೆಯನ್ನು ಏಕೆ ಇಟ್ಟಿದ್ದಾರೆಂಬುದು ನನಗೆ ಆಗ ಅರ್ಥವಾಯಿತು.

ಇದನ್ನು ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಅಮೆರಿಕದಂತಹ ದೇಶಗಳಲ್ಲಿ ನರ್ಸಿಂಗ್ ಓದು ಮುಗಿದ ಮೇಲೆ ಪರವಾನಗಿಗಾಗಿ ಬೇರೊಂದು ಪರೀಕ್ಷೆ ಬರೆಯಬೇಕು. ನಾನು ನೋಂದಣಿ ಪಡೆಯುವಾಗ ನಮ್ಮಲ್ಲಿ ಅಂತಹ ಪರೀಕ್ಷೆ ಇರಲಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಂತಿಮ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ದಾಖಲೆಗಳೊಂದಿಗೆ ಅರ್ಜಿ ಹಾಕಿದರೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಮಾಡಿಕೊಳ್ಳುತ್ತಿತ್ತು. ಅಂದರೆ ನಮ್ಮ ಕೈ ಕಲಿತಿದೆಯೇ ಎಂಬುದಕ್ಕೆ ಕಾಲೇಜಿನವರ ಮಾತೂ ಕೇಸ್ ಬುಕ್ಕಿನ ಸಹಿಯೂ ಬಿಟ್ಟರೆ ಹೆಚ್ಚಿನ ಆಧಾರವಿಲ್ಲ. ಆ ಸಹಿ ಸುಳ್ಳಾದರೆ ಅದನ್ನು ಹಿಡಿಯುವವರು ಮುಂದೆ ಯಾರೂ ಇರುವುದಿಲ್ಲ. ಅದರ ಫಲ ಉಣ್ಣುವವಳು ಹೆರಿಗೆ ಮೇಜಿನ ಮೇಲೆ ಮಲಗಿದವಳು.

2015ರಲ್ಲಿ ಫಲಿತಾಂಶ ಬಂತು. ನೋಂದಣಿಗೆ ನಾಲ್ಕೂ ವರ್ಷದ ಅಂಕಪಟ್ಟಿಗಳು, ತಾತ್ಕಾಲಿಕ ಪದವಿ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿಗಳು, ಭಾವಚಿತ್ರ, ಶುಲ್ಕ ಎಲ್ಲವನ್ನೂ ಹೊಂದಿಸಿಕೊಂಡೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ತಂದೆಯ ಹೆಸರಿನ ಮೊದಲಕ್ಷರ ಮಾತ್ರ ಇತ್ತು. ಕಾಲೇಜಿನ ಕಚೇರಿಯಲ್ಲಿ ಸೇರ್ಪಡೆಯ ದಿನ ಯಾರೋ ಆ ಅಕ್ಷರವನ್ನು ಬಿಡಿಸಿ ಪೂರ್ಣ ಹೆಸರಾಗಿ ಬರೆದಿದ್ದರು. ನಾಲ್ಕು ವರ್ಷದ ದಾಖಲೆಗಳೂ ಹಾಗೆಯೇ ಬಂದಿದ್ದವು, ನಾನೂ ಗಮನಿಸಿರಲಿಲ್ಲ. ಎರಡು ದಾಖಲೆಗಳಲ್ಲಿ ಎರಡು ಹೆಸರು ಇದ್ದ ಕಾರಣ ಅರ್ಜಿ ಮುಂದೆ ಹೋಗಲಿಲ್ಲ. ಅಫಿಡವಿಟ್ ಮಾಡಿಸಿ, ಕಾಲೇಜಿನಿಂದ ಪತ್ರ ಪಡೆದು, ಬೆಂಗಳೂರಿಗೆ ಮೂರು ಸಲ ಓಡಾಡಿದ ಮೇಲೆ ಅದು ಸರಿಹೋಯಿತು. ಅಷ್ಟರಲ್ಲಿ ಐದು ತಿಂಗಳು ಕಳೆದಿದ್ದವು. ಆ ಐದು ತಿಂಗಳು ಒಂದು ಖಾಸಗಿ ಆಸ್ಪತ್ರೆಯಲ್ಲಿ ಟ್ರೈನಿ ಎಂಬ ಹೆಸರಿನಲ್ಲಿ ಅರ್ಧ ಸಂಬಳಕ್ಕೆ ದುಡಿದೆ. ನೋಂದಣಿ ಇಲ್ಲದವಳಾದ್ದರಿಂದ ಪೂರ್ತಿ ಸಂಬಳ ಕೇಳುವ ಧೈರ್ಯವೂ ನನಗಿರಲಿಲ್ಲ. ಆದ್ದರಿಂದ ಈಗ ಸೇರುವವರಿಗೆ ನಾನು ಹೇಳುವುದಿಷ್ಟು: ಕಾಲೇಜಿನ ಅರ್ಜಿಯಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರನ್ನು ಅಕ್ಷರಕ್ಕೆ ಅಕ್ಷರ ಹಾಗೆಯೇ ಬರೆಯಿರಿ, ಆಧಾರ್‌ನಲ್ಲೂ ಅದೇ ಇರುವಂತೆ ಮೊದಲೇ ಸರಿಪಡಿಸಿಕೊಳ್ಳಿ. ಮೂಲ ಅಂಕಪಟ್ಟಿಗಳನ್ನು ಯಾರಿಗಾದರೂ ಕೊಡಬೇಕಾಗಿ ಬಂದರೆ ಸ್ವೀಕೃತಿ ಪತ್ರ ಪಡೆಯದೆ ಕೊಡಬೇಡಿ.

ಪ್ರಮಾಣಪತ್ರ ಕೈಗೆ ಬಂದ ದಿನ ಅದರಲ್ಲಿ ನರ್ಸ್ ಎಂದಷ್ಟೇ ಅಲ್ಲದೆ ಸೂಲಗಿತ್ತಿ ಎಂದೂ ನೋಂದಣಿಯಾಗಿರುವುದನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮನ ಅಜ್ಜಿ ಊರಿನಲ್ಲಿ ಸೂಲಗಿತ್ತಿಯಾಗಿದ್ದವರು. ಆ ಪದ ಸರ್ಕಾರದ ಕಾಗದದಲ್ಲಿ ನನ್ನ ಹೆಸರಿನ ಪಕ್ಕದಲ್ಲಿರುವುದನ್ನು ಕೇಳಿ ಅಮ್ಮ ಬಹಳ ಹೊತ್ತು ಆ ಕಾಗದವನ್ನು ಕೈಯಲ್ಲೇ ಹಿಡಿದು ಕುಳಿತಿದ್ದರು.

ನೋಂದಣಿ ಒಮ್ಮೆ ಆದರೆ ಮುಗಿಯಿತೆಂದು ತಿಳಿಯಬಾರದು. ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಅದಕ್ಕಾಗಿ ಕಾರ್ಯಾಗಾರಗಳಲ್ಲಿ ಭಾಗವಹಿಸಿದ ಪ್ರಮಾಣಪತ್ರಗಳನ್ನು ಜೋಪಾನವಾಗಿಡಬೇಕು. ಬೇರೆ ರಾಜ್ಯದಲ್ಲಿ ಕೆಲಸ ಮಾಡುವವರು ಇಲ್ಲಿಂದ ನಿರಾಕ್ಷೇಪಣಾ ಪತ್ರ ಪಡೆದು ಅಲ್ಲಿಯ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ನನ್ನ ಗೆಳತಿಯರಲ್ಲಿ ಕೊಲ್ಲಿ ದೇಶಗಳಿಗೆ ಹೋದವರ ಪ್ರತಿ ದಾಖಲೆಯನ್ನೂ ಅಲ್ಲಿಯವರು ಮೂಲ ಸಂಸ್ಥೆಯಿಂದಲೇ ಪರಿಶೀಲಿಸಿದರು.

ನನ್ನ ಕಾಲಕ್ಕೂ ಈಗಿನದಕ್ಕೂ ಕೆಲವು ವ್ಯತ್ಯಾಸಗಳಾಗಿವೆ. ಬಿ.ಎಸ್ಸಿ ನರ್ಸಿಂಗ್‌ನ ಸರ್ಕಾರಿ ಕೋಟಾದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ; ಹೀಗಾಗಿ ಏಜೆಂಟರ ಹಿಂದೆ ಹೋಗುವ ಅಗತ್ಯ ಕಡಿಮೆಯಾಗಿದೆ. ಪಠ್ಯಕ್ರಮ ಸೆಮಿಸ್ಟರ್ ಪದ್ಧತಿಗೆ ಬದಲಾಗಿದೆ, ಆದ್ದರಿಂದ ಯಾವ ಕೆಲಸವನ್ನು ಎಷ್ಟು ಸಲ ಮಾಡಬೇಕೆಂಬುದನ್ನು ಈಗಿನ ಲಾಗ್ ಬುಕ್ ನೋಡಿಯೇ ತಿಳಿದುಕೊಳ್ಳಬೇಕು. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಬದಲಿಗೆ ರಾಷ್ಟ್ರೀಯ ಆಯೋಗ ರಚಿಸುವ ಕಾಯ್ದೆಗೆ 2023ರಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಸೀಟು ಆಯ್ಕೆಯ ಪಟ್ಟಿಯಲ್ಲಿ ಕಾಲೇಜಿನ ಹೆಸರು ಬರೆಯುವ ಮೊದಲು ಅದರ ವಾರ್ಡಿಗೆ ಹೋಗಿ ನಿಲ್ಲುವ ಕೆಲಸ ಮಾತ್ರ ಇಂದಿಗೂ ವಿದ್ಯಾರ್ಥಿಯದೇ.

ಈಗ ನಮ್ಮ ಆಸ್ಪತ್ರೆಗೂ ವಿದ್ಯಾರ್ಥಿಗಳು ಪೋಸ್ಟಿಂಗ್‌ಗೆ ಬರುತ್ತಾರೆ. ಕಳೆದ ವರ್ಷ ಒಬ್ಬಳು ಪೋಸ್ಟಿಂಗ್ ಮುಗಿಯುವ ವಾರದಲ್ಲಿ ಎರಡು ಪುಟಗಳನ್ನು ಮೊದಲೇ ತುಂಬಿಕೊಂಡು ಬಂದು, "ಮೇಡಂ, ಇವೆರಡಕ್ಕೂ ಸಹಿ ಹಾಕಿಕೊಡಿ, ಹಗಲಲ್ಲಿ ಕೇಸೇ ಸಿಗ್ತಿಲ್ಲ" ಎಂದು ಕೇಳಿದಳು. ಅವಳು ಹೇಳಿದ್ದು ನಿಜವಾಗಿತ್ತು, ಆ ವಾರ ಹಗಲು ಹೊತ್ತಿನಲ್ಲಿ ಹೆರಿಗೆಗಳು ಕಡಿಮೆ ಇದ್ದವು. ನಾನು ಸಹಿ ಹಾಕಲಿಲ್ಲ. ಅವಳ ಟ್ಯೂಟರ್ ಜೊತೆ ಮಾತನಾಡಿ, ಎರಡು ದಿನ ನನ್ನ ಜೊತೆ ರಾತ್ರಿ ಪಾಳಿಗೆ ಬರಲು ಒಪ್ಪಿಗೆ ಕೊಡಿಸಿದೆ. ಮೊದಲ ರಾತ್ರಿ ಬೆಳಗಿನ ನಾಲ್ಕರ ಸುಮಾರಿಗೆ ಒಂದು, ಮರುದಿನ ರಾತ್ರಿ ಹನ್ನೆರಡಕ್ಕೆ ಮುಂಚೆಯೇ ಇನ್ನೊಂದು ಹೆರಿಗೆ ಅವಳ ಕೈಯಿಂದ ಆಯಿತು. ಎರಡನೆಯದರಲ್ಲಿ ಗರ್ಭಕೋಶ ಮೆತ್ತಗಿದೆ ಎಂದು ನನಗಿಂತ ಮೊದಲು ಹೇಳಿದವಳು ಅವಳೇ. ಉಜ್ಜುತ್ತ ಉಜ್ಜುತ್ತ ಅದು ಗಟ್ಟಿಯಾದ ಮೇಲೆ, ಕೈಗವಸು ತೆಗೆದು, ಮೊದಲು ತುಂಬಿದ್ದ ಆ ಎರಡು ಪುಟಗಳನ್ನು ಹೊಡೆದುಹಾಕಿ, ಹೊಸ ಪುಟಗಳಲ್ಲಿ ಆ ಇಬ್ಬರು ತಾಯಂದಿರ ವಿವರ ಬರೆದು ತಂದಳು. ನಾನು ಎರಡಕ್ಕೂ ಸಹಿ ಹಾಕಿದೆ.