ನ್ಯಾಷನಲ್ಸ್ ಮುಗಿದ ರಾತ್ರಿ ಒಲಿಂಪಿಕ್ ಸ್ಕೇಟಿಂಗ್ ಟೀಮ್ ಆರಿಸೋದು ಹೇಗೆ

ಇದು ಫಿಗರ್ ಸ್ಕೇಟಿಂಗ್ ಮಾತು, ಐಸ್ ಮೇಲೆ ಮ್ಯೂಸಿಕ್‌ಗೆ ಜಂಪ್, ಸ್ಪಿನ್ ಮಾಡೋ ಆಟ, ನ್ಯಾಷನಲ್ಸ್ ಅಂದ್ರೆ ದೇಶದೊಳಗಿನ ಚಾಂಪಿಯನ್‌ಶಿಪ್. ಮೊದಲು ಒಲಿಂಪಿಕ್ಸ್‌ಗೆ ಎಷ್ಟು ಸೀಟ್ ಇದೆ ನೋಡ್ಕೊಳ್ಳಿ. ಒಂದು ದೇಶಕ್ಕೆ ಒಂದು ವಿಭಾಗದಲ್ಲಿ ಮೂರಕ್ಕಿಂತ ಜಾಸ್ತಿ ಸಿಗಲ್ಲ, ಅದೂ ಪುಕ್ಕಟೆ ಅಲ್ಲ, ಹಿಂದಿನ ವರ್ಷದ ವರ್ಲ್ಡ್ಸ್‌ನಲ್ಲಿ, ಅಂದ್ರೆ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ದುಡಿದು ತಂದಿರ್ಬೇಕು. ಅಲ್ಲಿ ನಮ್ಮ ಬೆಸ್ಟ್ ಇಬ್ಬರ ಸ್ಥಾನ ಕೂಡಿಸಿ 13 ದಾಟದಿದ್ರೆ ಮೂರು ಸೀಟ್, 28 ದಾಟದಿದ್ರೆ ಎರಡು, ಲೆಕ್ಕ ಹೆಚ್ಚುಕಮ್ಮಿ ಇಷ್ಟೇ. 2013ರಲ್ಲಿ ಅಮೆರಿಕದ ಆಶ್ಲಿ ವ್ಯಾಗ್ನರ್ 5ನೇ, ಗ್ರೇಸಿ ಗೋಲ್ಡ್ 6ನೇ ಬಂದ್ರು, ಒಟ್ಟು 11, 2014ರ ಸೋಚಿ ಒಲಿಂಪಿಕ್ಸ್‌ಗೆ ಮೂರು ಸೀಟ್ ಸಿಕ್ತು. ಸೀಟ್ ದುಡಿದವರು ಯಾರು ಅನ್ನೋದು ಆಮೇಲೆ ಜಗಳಕ್ಕೆ ಬರತ್ತೆ, ಆದ್ರೆ ಸೀಟ್ ದೇಶದ್ದು, ಅವರ ಸ್ವಂತದ್ದಲ್ಲ.

ಆಮೇಲೆ ಹೋಗಕ್ಕೇ ಆಗದವರ ಹೆಸರು ತೆಗೀರಿ. ಇಂಟರ್‌ನ್ಯಾಷನಲ್ ಸ್ಪರ್ಧೆಲಿ ಕನಿಷ್ಠ ಟೆಕ್ನಿಕಲ್ ಸ್ಕೋರ್ (ಜಂಪ್, ಸ್ಪಿನ್‌ಗೆ ಸಿಗೋ ಮಾರ್ಕ್ಸ್) ಬಂದಿರ್ಬೇಕು, ವಯಸ್ಸಾಗಿರ್ಬೇಕು. ವಯಸ್ಸಿನ ರೂಲ್ 2022ರಲ್ಲಿ ಬದಲಾಯ್ತು, ಹಂತಹಂತವಾಗಿ 15ರಿಂದ 17ಕ್ಕೆ ಏರಿಸಿದ್ರು, ಸೋಚಿಗೆ 15ನೇ ವಯಸ್ಸಲ್ಲಿ ಹೋದ ಪೊಲೀನಾ ಎಡ್ಮಂಡ್ಸ್ ಥರದವರಿಗೆ ಈಗ ಚಾನ್ಸೇ ಇಲ್ಲ.

ಇನ್ನು ತಲೆನೋವಿನ ಭಾಗ. 2014 ಜನವರಿ, ಬಾಸ್ಟನ್, ಅಮೆರಿಕದ ನ್ಯಾಷನಲ್ಸ್. ಗೋಲ್ಡ್ 211.69 ತಗೊಂಡು ಗೆದ್ಳು, ಎಡ್ಮಂಡ್ಸ್ ಎರಡನೇದು, ಮಿರಾಯಿ ನಗಾಸು 190.74ಕ್ಕೆ ಮೂರನೇದು, ಎರಡು ವರ್ಷದಿಂದ ಚಾಂಪಿಯನ್ ಆಗಿದ್ದ ವ್ಯಾಗ್ನರ್ ಫ್ರೀ ಸ್ಕೇಟಲ್ಲಿ (ಎರಡನೇ, ಉದ್ದದ ಸುತ್ತು) ಎರಡು ಸಲ ಬಿದ್ದು 182.74ಕ್ಕೆ ನಾಲ್ಕನೇದು. ಸೀಟ್ ಮೂರೇ. ನೀವೇನ್ ಮಾಡ್ತೀರಾ?

ಪೇಪರ್ ತಗೊಳ್ಳಿ, ಹೆಸರು ಬರೀಬೇಡಿ, ಎ ಮತ್ತು ಬಿ ಅಂತ ಹಾಕಿ, ಒಂದು ವರ್ಷದ ರಿಸಲ್ಟ್ ಎಲ್ಲಾ ಕೆಳಗೆ ಬರೀರಿ. ಎ: ವರ್ಲ್ಡ್ಸ್‌ನಲ್ಲಿ 5ನೇದು, ಪ್ಯಾರಿಸ್ ಗ್ರ್ಯಾನ್ ಪ್ರಿಯಲ್ಲಿ (ಸೀಸನ್‌ನ ಇಂಟರ್‌ನ್ಯಾಷನಲ್ ಸರಣಿಯ ಒಂದು ಸ್ಪರ್ಧೆ) ಚಿನ್ನ, ಹಿಂದಿನ ತಿಂಗಳಷ್ಟೇ ಗ್ರ್ಯಾನ್ ಪ್ರಿ ಫೈನಲ್‌ನಲ್ಲಿ ಕಂಚು, ನ್ಯಾಷನಲ್ಸ್ 4. ಬಿ: ವರ್ಲ್ಡ್ಸ್‌ಗೆ ಹೋಗಿಲ್ಲ, ಮಾಸ್ಕೋ ಗ್ರ್ಯಾನ್ ಪ್ರಿಯಲ್ಲಿ ಕಂಚು, ಫೈನಲ್‌ಗೆ ಬಂದಿಲ್ಲ, ನ್ಯಾಷನಲ್ಸ್ 3. ಹೆಸರು ಮುಚ್ಚಿಟ್ರೆ ಎ ಅಂತ ಹೇಳದವರು ಕಮ್ಮಿ. ಕಮಿಟಿನೂ ಎ ಅಂದ್ರೆ ವ್ಯಾಗ್ನರ್‌ನೇ ಆರಿಸ್ತು, ನನ್ನ ಪ್ರಕಾರ ಸರಿಯಾಗೇ ಆರಿಸ್ತು, ಆದ್ರೆ ಅವತ್ತು ಚೆನ್ನಾಗಿ ಆಡಿದ ಹುಡುಗಿನ ಮನೇಲಿ ಕೂರಿಸಿದ್ದು ನೋಡಿ ಜನಕ್ಕೆ ಹೊಟ್ಟೆ ಉರೀತು ಅದೂ ನಿಜ. ನಗಾಸು 2010ರ ಒಲಿಂಪಿಕ್ಸ್‌ನಲ್ಲಿ 4ನೇದು ಬಂದವಳು, ಅದನ್ನ ಯಾಕೆ ನೋಡ್ಲಿಲ್ಲ ಅಂದ್ರೆ ನಾಲ್ಕು ವರ್ಷ ಹಳೇದು ಅಂತ, ಎಲ್ಲಿವರೆಗೆ ಹಿಂದೆ ಹೋಗ್ಬೇಕು ಅನ್ನೋ ಗೆರೆನ ಸ್ಪರ್ಧೆಗೆ ಮುಂಚೆನೇ ಎಳೀಬೇಕು. ಮ್ಯೂಸಿಕ್ ನಿಂತ್ಮೇಲೆ ಎಳೆದ ಗೆರೆ ಯಾವಾಗ್ಲೂ ಯಾರದೋ ಕಡೆ ವಾಲಿರತ್ತೆ.

ಬಿದ್ದಿದ್ದನ್ನೂ ಹಂಗೇ ಬಿಡ್ಬೇಡಿ, ಯಾಕೆ ಬಿದ್ರು ನೋಡಿ. ಒಂದು ರಾತ್ರಿ ಕೆಟ್ಟಿದ್ದಾ, ಇಲ್ಲಾ ಇಡೀ ಸೀಸನ್ ಅದೇ ಜಂಪಲ್ಲಿ ಎಡವ್ತಿದ್ದಾರಾ, ರೊಟೇಷನ್ ಕಮ್ಮಿ, ಅಂದ್ರೆ ಗಾಳೀಲಿ ಸುತ್ತು ಪೂರ್ತಿ ಆಗ್ಲಿಲ್ಲ ಅಂತ ಜಡ್ಜಸ್ ಪದೇ ಪದೇ ಮಾರ್ಕ್ಸ್ ಕಟ್ ಮಾಡ್ತಿದ್ದಾರಾ? ಮನೇಲಿ ಸಿಗೋ ಸ್ಕೋರ್ ಹೊರಗೆ ಸಿಗಲ್ಲ, ನ್ಯಾಷನಲ್ಸ್ ಸ್ಕೋರ್ ಯಾವ ದೇಶದ್ದೇ ಆದ್ರೂ ಸ್ವಲ್ಪ ಉಬ್ಬಿರತ್ತೆ.

ಸ್ಥಾನ ನೋಡಿ ಮಾತ್ರ ಆರಿಸಲ್ಲ ಅಂತ ತೀರ್ಮಾನ ಮಾಡಿದ್ರೆ ಅದನ್ನ ಎಲ್ಲರಿಗೂ ಹಚ್ಚಿ. 2018ರಲ್ಲಿ ಅಮೆರಿಕದ ಗಂಡಸರ ವಿಭಾಗದಲ್ಲಿ ರಾಸ್ ಮೈನರ್ ಎರಡನೇದು ಬಂದ್ರೂ ಬಿಟ್ಟು ನಾಲ್ಕನೇ ಆಡಮ್ ರಿಪ್ಪನ್‌ನ ಕಳಿಸಿದ್ರು, 2022ರಲ್ಲಿ 17 ವರ್ಷದ ಇಲಿಯಾ ಮಲಿನಿನ್‌ಗೂ ಅದೇ ಗತಿ, ನಾಲ್ಕನೇ ಜೇಸನ್ ಬ್ರೌನ್ ಬೀಜಿಂಗ್‌ಗೆ ಹೋಗಿ 6ನೇದು ಬಂದ. ಆದ್ರೆ ಅದೇ 2018ರಲ್ಲಿ ನಾಲ್ಕನೇದು ಬಂದ ವ್ಯಾಗ್ನರ್‌ನ ಈ ಸಲ ಬಿಟ್ರು, ನಗಾಸು ಟೀಮಲ್ಲಿದ್ಳು. ಹೋದ ಸಲ ಉಳಿಸಿದ ಪದ್ಧತಿನೇ ಈ ಸಲ ಕೈ ಬಿಡ್ತು.

ಗಾಯದ ಕೇಸ್ ಬೇರೆನೇ. 1994ರಲ್ಲಿ ಡೆಟ್ರಾಯ್ಟ್ ನ್ಯಾಷನಲ್ಸ್‌ನಲ್ಲಿ ಪ್ರಾಕ್ಟೀಸ್ ಮುಗಿಸಿ ಬರ್ತಿದ್ದ ನ್ಯಾನ್ಸಿ ಕೆರಿಗನ್‌ಗೆ ಮಂಡಿ ಹತ್ರ ಹೊಡೆದು ಸ್ಪರ್ಧಿಸೋಕೇ ಆಗದಂಗೆ ಮಾಡಿದ್ರು, ಆದ್ರೂ ಸೀಟ್ ಕೊಟ್ರು, ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ತಂದ್ಳು. 2006ರಲ್ಲಿ ಗಾಯ ಆಗಿದ್ದ ಮಿಶೆಲ್ ಕ್ವಾನ್‌ಗೂ ಕೊಟ್ರು, ಆದ್ರೆ ಸುಮ್ಮನೆ ಅಲ್ಲ, ಕಮಿಟಿಯವರು ರಿಂಕ್‌ಗೆ ಹೋಗಿ ಪೂರ್ತಿ ಪ್ರೋಗ್ರಾಂ ಮಾಡ್ಸಿ ನೋಡಿದ್ರು. ನೀವೂ ಹಂಗೇ ಮಾಡಿ, ಡಾಕ್ಟರ್ ಚೀಟಿ ಒಂದೇ ನಂಬ್ಬೇಡಿ.

ಹೆಸರು ಪ್ರೆಸ್‌ಗೆ ಕೊಡೋ ಮುಂಚೆ ಬಿಟ್ಟವರನ್ನ ಕರೆದು ಕೂರಿಸಿ ಮುಖಾಮುಖಿ ಹೇಳಿ, ಫೋನಲ್ಲಿ ನೋಡಿ ಗೊತ್ತಾಗೋದು ಅನ್ಯಾಯ. ಮತ್ತೆ ಕಾರಣ ಬರವಣಿಗೆಲಿ ಕೊಡಿ.

ರಿಸರ್ವ್ ಪಟ್ಟಿನ ಲೆಕ್ಕಕ್ಕಿಲ್ಲ ಅಂತ ಮಾಡ್ಬೇಡಿ, ಒಂದು ಎರಡು ಮೂರು ಅಂತ ಆರ್ಡರಲ್ಲಿ ಬರೀರಿ, ಅವರಿಗೂ ಟ್ರೈನಿಂಗ್ ನಿಲ್ಸಬೇಡಿ ಅಂತ ಹೇಳಿ. ಆ ಕ್ವಾನ್ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಮೊದಲ ಪ್ರಾಕ್ಟೀಸಲ್ಲೇ ಮತ್ತೆ ನೋವು ಮಾಡ್ಕೊಂಡು ವಾಪಸ್ ಹೋದ್ಳು, ನ್ಯಾಷನಲ್ಸ್‌ನಲ್ಲಿ ಮೂರನೇದು ಬಂದು ಮನೇಲಿದ್ದ ಎಮಿಲಿ ಹ್ಯೂಸ್‌ಗೆ ಕರೆ ಹೋಯ್ತು, ಅವಳು ಫ್ಲೈಟ್ ಹತ್ತಿ ಹೋಗಿ 7ನೇದು ಬಂದ್ಳು.