ಹೆಂಡತಿ ಹೆಸರಿನ ಹಿಂದೆ ಸಿಕ್ಕ ಚಿಕ್ಕಮುತ್ತಜ್ಜ

ನಮ್ಮ ಮನೆಯಲ್ಲಿ ಯಾರಾದರೂ ಸಂತೆಗೆ ಹೋಗಿ ತಡವಾಗಿ ಬಂದರೆ ಒಂದು ಮಾತು ಬರುತ್ತಿತ್ತು. ‘ಚಿಕ್ಕಮುತ್ತಜ್ಜನ ಥರ ಹೊರಟೇಬಿಟ್ಟೆ ಅಂದ್ಕೊಂಡ್ವಿ.’ ಆತ ನನ್ನ ಮುತ್ತಜ್ಜನ ತಮ್ಮ. ಧಾತು ಬರದಲ್ಲಿ, ಅಂದರೆ 1876ರ ಸುಮಾರಿನ ದೊಡ್ಡ ಬರದಲ್ಲಿ, ‘ಗಂಜಿ ಕುಡಿದು ಬರ್ತೀನಿ’ ಅಂತ ಹೋದವನು ವಾಪಸ್ ಬರಲೇ ಇಲ್ಲವಂತೆ. ಕಥೆ ಇಷ್ಟೇ. ಹೆಸರು ಗೊತ್ತಿತ್ತು. ಮದುವೆ ಆಗಿತ್ತೋ ಇಲ್ಲವೋ, ಯಾವ ದಿಕ್ಕಿಗೆ ಹೋದನೋ, ಒಂದೂ ಗೊತ್ತಿರಲಿಲ್ಲ. ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಎರಡು ಮನೆಯವರೂ ಬೇಡ ಅಂದಿದ್ದಾರೆ.

ನಮ್ಮದು ಚಿತ್ರದುರ್ಗ ಜಿಲ್ಲೆಯ ಪೂರ್ವದ ಕಡೆಯ ಒಂದು ಹಳ್ಳಿ. ನೌಕರಿಯಿಂದ ನಿವೃತ್ತಿ ಆದ ಮೇಲೆ ಹುಡುಕಾಟ ಶುರು ಮಾಡಿದೆ. ಮುಗಿಯೋಕೆ ನಾಲ್ಕು ವರ್ಷ ಹಿಡಿಯಿತು. ಅದರಲ್ಲಿ ಒಂದೂವರೆ ವರ್ಷ ಪೂರ್ತಿ ನನ್ನದೇ ದಡ್ಡತನಕ್ಕೆ ಹೋಯಿತು ಅಂತ ಮೊದಲೇ ಹೇಳಿಬಿಡುತ್ತೇನೆ.

ಮೊದಲ ಪೆಟ್ಟು ಬಿದ್ದದ್ದು ವರ್ಷದ ಲೆಕ್ಕದಲ್ಲಿ. ಹಳೆಯ ಕಾಗದಗಳಲ್ಲಿ ಇಸವಿ ಇರುವುದು ಕಡಿಮೆ, ಸಂವತ್ಸರವೇ ಜಾಸ್ತಿ. ಧಾತು ಅಂದರೆ 1876-77, ಈಶ್ವರ ಅಂದರೆ 1877-78. ಆ ಎರಡು ವರ್ಷದ ಬರಕ್ಕೆ ಹಳೆ ಮೈಸೂರಿನವರು ಧಾತು ಈಶ್ವರ ಬರ ಅನ್ನುತ್ತಿದ್ದರು. ನಮ್ಮ ಪೆಟ್ಟಿಗೆಯಲ್ಲಿ ‘ಧಾತು ಸಂವತ್ಸರ’ ಅಂತ ಬರೆದ ಒಂದು ಸಾಲಪತ್ರ ಸಿಕ್ಕಿತು. ಕುಣಿದಾಡಿಬಿಟ್ಟೆ. ಒಂದು ತಿಂಗಳು ಅದನ್ನೇ ಹಿಡಿದುಕೊಂಡು ಓಡಾಡಿದೆ. ಆಮೇಲೆ ಕೊನೆಯ ಸಾಲು ನೋಡಿದರೆ ಸಾಕ್ಷಿ ಹಾಕಿದವರಲ್ಲಿ ನಮ್ಮ ಅಜ್ಜನೂ ಇದ್ದಾನೆ! 1876ರಲ್ಲಿ ಅಜ್ಜ ಹುಟ್ಟೇ ಇರಲಿಲ್ಲ. ಸಂವತ್ಸರ 60 ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ, ಅಲ್ವಾ? ಅದು 1936ರ ಧಾತು.

ಸರ್ಕಾರಿ ದಾಖಲೆಗಳಲ್ಲಿ ಹೆಸರು ಸಿಗುತ್ತದೆ ಅಂತ ಆಸೆ ಇತ್ತು. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಜನಗಣತಿ ಆಗಿದೆ, ಮತ್ತೆ 1881ರಲ್ಲಿ. ಇವೆರಡರ ನಡುವೆ ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷದಿಂದ 42 ಲಕ್ಷಕ್ಕೆ ಇಳಿಯಿತು. ಆದರೆ ಮನೆಮನೆಗೆ ಹೋಗಿ ಬರೆದ ಹಾಳೆಗಳನ್ನು ಯಾರೂ ಉಳಿಸಲಿಲ್ಲ. ಇಂಗ್ಲೆಂಡಿನವರು ತಮ್ಮ ಮುತ್ತಜ್ಜನ ಮನೆಯಲ್ಲಿ ಆ ರಾತ್ರಿ ಯಾರ್‍ಯಾರು ಮಲಗಿದ್ದರು ಅಂತ ಜನಗಣತಿ ಹಾಳೆಯಲ್ಲಿ ಓದಬಹುದು. ನಮಗೆ ಉಳಿದಿರುವುದು ಮೊತ್ತ ಮಾತ್ರ. ವಿಧಾನಸೌಧದ ರಾಜ್ಯ ಪತ್ರಾಗಾರದಲ್ಲಿ ಕೂತು ಬರದ ಕಡತಗಳನ್ನೂ ತಿರುವಿದೆ. ಎಷ್ಟು ಜನ ರಸ್ತೆ ಕೆಲಸಕ್ಕೆ ಬಂದರು, ಎಷ್ಟು ಜನಕ್ಕೆ ಗಂಜಿ ಹಾಕಿದರು, ಎಲ್ಲ ಲೆಕ್ಕ ಇದೆ. ನನ್ನ ಕಣ್ಣಿಗೆ ಒಬ್ಬ ಕೂಲಿಯವನ ಹೆಸರೂ ಬೀಳಲಿಲ್ಲ.

ಹಾಗಾಗಿ ಹೆಳವರ ದಾರಿ ಕಾದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಹೆಳವರು ಮನೆತನಗಳ ವಂಶಾವಳಿ ಬರೆದಿಟ್ಟು ಹೇಳುವವರು. ಮೊದಲು ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬರುತ್ತಿದ್ದರು. ನಮ್ಮಲ್ಲಿಗೆ ಬಂದವರು ಟೆಂಪೋದಲ್ಲಿ ಬಂದರು, ಗಂಟೆ ಮಾತ್ರ ಇತ್ತು. ಸುಗ್ಗಿ ಮುಗಿದ ಮೇಲೆ, ಕೆಲವು ವರ್ಷಕ್ಕೊಮ್ಮೆ ಬರುತ್ತಾರೆ. ಜಗಲಿ ಮೇಲೆ ದಫ್ತರ ಬಿಚ್ಚಿ, ರಾಗವಾಗಿ ಓದಿದರು. ಬೆಡಗು, ಅಂದರೆ ಒಂದೇ ಮೂಲದವರ ಕುಲ, ಮೂಲ ಊರು, ಮನೆದೇವರು, ಆಮೇಲೆ ತಲೆಮಾರುಗಳು. ಮುತ್ತಜ್ಜನ ಸಾಲು ಬಂದಾಗ ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಅಣ್ಣನಿಗೆ ಮಕ್ಕಳು, ಮೊಮ್ಮಕ್ಕಳು, ಎಲ್ಲ ಬಂತು. ತಮ್ಮನ ಹೆಸರು ಒಂದೇ ಸಲ ಬಂತು, ಮುಂದೆ ಖಾಲಿ.

‘ಮುಂದೆ?’ ಅಂದೆ.

‘ಈ ಕೊಂಬೆ ಇಲ್ಲಿಗೆ ನಿಂತದೆ ಯಜಮಾನ್ರೆ.’

ಆದರೆ ಒಂದು ದೊಡ್ಡ ಲಾಭ ಆಯಿತು. ಅವರಿಬ್ಬರ ಅಪ್ಪನ ಹೆಸರು ಸಿಕ್ಕಿತು. ನಮ್ಮ ಮನೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಹಳೆಯ ದಾಖಲೆಯಲ್ಲಿ ಮನುಷ್ಯನನ್ನು ಗುರುತಿಸುವುದು ಅವನ ಹೆಸರಿನಿಂದಲ್ಲ, ಅಪ್ಪನ ಹೆಸರು ಸೇರಿದಾಗ. ತಿಮ್ಮ, ಹನುಮ, ಚಿಕ್ಕಣ್ಣ ಅಂತ ಊರಿಗೆ ಹತ್ತು ಜನ ಇರುತ್ತಾರೆ. ಯಾರ ಮಗ ಅಂತ ಗೊತ್ತಾದರೆ ಒಬ್ಬ ಉಳಿಯುತ್ತಾನೆ.

ಇಷ್ಟು ಗೊತ್ತಿದ್ದೂ ನಾನು ಸಮುದ್ರಕ್ಕೆ ಹಾರಿದೆ. ಆ ಕಾಲದಲ್ಲಿ ಮದ್ರಾಸಿನಿಂದ ದಕ್ಷಿಣ ಆಫ್ರಿಕದ ನಟಾಲಿಗೆ ಕಬ್ಬಿನ ತೋಟದ ಕೆಲಸಕ್ಕೆ ಕರಾರಿನ ಕೂಲಿಗಳನ್ನು ಸಾಗಿಸುತ್ತಿದ್ದರು. ಮೊದಲ ಹಡಗು ‘ಟ್ರೂರೋ’ 1860ರ ನವೆಂಬರ್ 16ರಂದು ಡರ್ಬನ್ ಮುಟ್ಟಿತು. 1911ರಲ್ಲಿ ಈ ಸಾಗಣೆ ನಿಲ್ಲುವ ಹೊತ್ತಿಗೆ ಒಂದೂವರೆ ಲಕ್ಷ ಜನ ಹೋಗಿದ್ದರು. ಅವರಲ್ಲಿ ಮೈಸೂರು ಸೀಮೆಯವರೂ ಇದ್ದರು. ಬೆಂಗಳೂರಿನಿಂದ ಮದ್ರಾಸಿಗೆ 1864ರಿಂದಲೇ ರೈಲಿತ್ತು. ಹಸಿದವನು ಬೆಂಗಳೂರಿನವರೆಗೆ ನಡೆದರೆ ಸಾಕು, ಮುಂದಿನದನ್ನು ಕೂಲಿ ಹಿಡಿಯುವ ದಲ್ಲಾಳಿ ನೋಡಿಕೊಳ್ಳುತ್ತಿದ್ದ.

ಆ ಹಡಗಿನ ಪಟ್ಟಿಗಳು ನಿಜಕ್ಕೂ ಚಿನ್ನ. ತಲೆಗೊಂದು ನಂಬರು, ಹೆಸರು, ಅಪ್ಪನ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲೂಕು, ಹಳ್ಳಿ, ಮೈಮೇಲಿನ ಗುರುತು. ಮೊಣಕಾಲಿನ ಮಚ್ಚೆಯನ್ನೂ ಬಿಟ್ಟಿಲ್ಲ. ಈಗ ಕಂಪ್ಯೂಟರಿನಲ್ಲೇ ಹುಡುಕಬಹುದು. ಆದರೆ ನಮ್ಮ ಹೆಸರುಗಳನ್ನು ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ‘ಹ’ ಇರುವ ಹೆಸರು ‘ಅ’ ಆಗಿರಬಹುದು, ‘ಪ್ಪ’ ಹೋಗಿ ‘ಪ್ಪನ್’ ಆಗಿರಬಹುದು. ಚಿತ್ರದುರ್ಗ ‘ಚಿತಲ್‌ಡ್ರೂಗ್’. ಆದ್ದರಿಂದ ಹೆಸರು ಹಾಕಿ ಹುಡುಕಬೇಡಿ, ಜಿಲ್ಲೆ ಹಾಕಿ ಎಲ್ಲರನ್ನೂ ತೆಗೆದು, ಒಬ್ಬೊಬ್ಬರನ್ನೇ ಬಾಯಿಬಿಟ್ಟು ಜೋರಾಗಿ ಓದಿ. ಕಣ್ಣಿಗೆ ಕಾಣದ ಹೆಸರು ಕಿವಿಗೆ ಕೇಳಿಸುತ್ತದೆ.

ನನಗೂ ಒಬ್ಬ ಕೇಳಿಸಿದ. ಬರದ ಆಸುಪಾಸಿನ ವರ್ಷ, ಮೈಸೂರು ಜಿಲ್ಲೆ ಅಂತ ಇದೆ, ಅದೇ ಹೆಸರು, ವಯಸ್ಸೂ ಸರಿಸುಮಾರು ಹೊಂದುತ್ತದೆ. ಮನೆಯಲ್ಲಿ ಎಲ್ಲರಿಗೂ ಹೇಳಿಬಿಟ್ಟೆ. ತಮ್ಮನ ಮಗ ಡರ್ಬನ್ ಟಿಕೆಟಿನ ರೇಟು ನೋಡೋಕೆ ಶುರು ಮಾಡಿದ. ಆದರೆ ಅಪ್ಪನ ಹೆಸರು ಬೇರೆ ಇತ್ತು. ‘ಗುಮಾಸ್ತ ತಪ್ಪು ಬರೆದಿರಬೇಕು’ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾನು ಹೇಳಿದ ಒಂದೂವರೆ ವರ್ಷ ಹೋಗಿದ್ದು ಇಲ್ಲೇ. ಹಡಗು, ಸಮುದ್ರ, ಕಬ್ಬಿನ ತೋಟ, ಕಥೆ ಅಷ್ಟು ಚೆನ್ನಾಗಿತ್ತು ನೋಡಿ, ಬಿಡೋಕೆ ಮನಸ್ಸಿರಲಿಲ್ಲ.

ಬಿಡಿಸಿದ್ದು ಒಂದು ಪದ.

ನಮ್ಮ ಊರಿನ ಕಂದಾಯದ ಲೆಕ್ಕ ಬರೆಯುತ್ತಿದ್ದ ಶ್ಯಾನುಭೋಗರ ಮನೆತನದವರು ಈಗ ಊರಲ್ಲಿಲ್ಲ. ಮನೆ ಕೆಡವುವಾಗ ಅಟ್ಟದಿಂದ ಇಳಿಸಿದ ಒಂದು ಗಂಟನ್ನು ಬಿಸಾಡದೆ ಇಟ್ಟಿದ್ದರು. ನಾನು ಹಳೇ ಕಾಗದದ ಹುಚ್ಚ ಅಂತ ಗೊತ್ತಾಗಿ ಕರೆದರು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಮಾಡಿದ ಕರೀ ಕಡತ ಎರಡಿದ್ದವು. ಬಳಪದಲ್ಲಿ ಬರೆದದ್ದು ಅರ್ಧ ಅಳಿಸಿತ್ತು. ಮಿಕ್ಕಿದ್ದು ಕಾಗದದ ಕಂದಾಯ ಲೆಕ್ಕ. ಕೂಡಿಸಿ ಬರೆಯುವ ಹಳೆಯ ಮೋಡಿ ಅಕ್ಷರ ಓದೋಕೆ ಬರುವ ನಿವೃತ್ತ ಮೇಷ್ಟ್ರೊಬ್ಬರನ್ನು ಕರೆದುಕೊಂಡು ಹೋದೆ. ಮೂರು ದಿನ ಕೂತೆವು.

ಇಬ್ಬರು ಅಣ್ಣತಮ್ಮಂದಿರ ಹೆಸರಿನಲ್ಲೂ ಬೇರೆಬೇರೆ ಹೊಲ ಇತ್ತು. ಧಾತು ವರ್ಷ ಇದೆ. ಈಶ್ವರ ವರ್ಷವೂ ಇದೆ, ಬಾಕಿ ಸಮೇತ. ಬಹುಧಾನ್ಯದಲ್ಲಿ, ಅಂದರೆ 1878-79ರಲ್ಲಿ, ತಮ್ಮನ ಹೊಲ ಅಣ್ಣನ ಹೆಸರಿಗೆ ಹೋಗಿದೆ. ಪಕ್ಕದಲ್ಲಿ ಒಂದು ಪದ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ‘ರಾಜೀನಾಮೆ.’

ಈಗ ರಾಜೀನಾಮೆ ಅಂದರೆ ನೌಕರಿಗೋ ಮಂತ್ರಿಗಿರಿಗೋ ಕೊಡುವುದು. ಆಗಿನ ಕಂದಾಯದ ಭಾಷೆಯಲ್ಲಿ ‘ಈ ಹೊಲ ನನಗೆ ಬೇಡ’ ಅಂತ ರೈತ ತಾನೇ ಬರೆದುಕೊಡುವುದು ರಾಜೀನಾಮೆ. ಸತ್ತಿದ್ದರೆ ‘ಫೌತಿ’ ಅಂತ ಬರೆಯುತ್ತಿದ್ದರು. ಈಗಲೂ ಫೌತಿ ಖಾತೆ ಅಂತೀವಲ್ಲ, ಅದೇ. ಹೇಳದೆ ಕೇಳದೆ ಊರು ಬಿಟ್ಟಿದ್ದರೆ ‘ಫರಾರಿ’. ನಮ್ಮ ಊರಿನ ಅದೇ ಲೆಕ್ಕದಲ್ಲಿ ಆ ವರ್ಷ ಫೌತಿಯೂ ಇವೆ, ಫರಾರಿಯೂ ಇವೆ. ಸಾಲುಸಾಲಾಗಿ ಇವೆ. ಓದುತ್ತಾ ಓದುತ್ತಾ ಮೇಷ್ಟ್ರು ಸ್ವಲ್ಪ ಹೊತ್ತು ಎದ್ದು ಹೊರಗೆ ಹೋದರು. ಶ್ಯಾನುಭೋಗರು ಈ ಮೂರನ್ನೂ ಬೇರೆಬೇರೆಯಾಗಿ ಬರೆದಿದ್ದಾರೆ ಅಂದಮೇಲೆ ನಮ್ಮವನಿಗೆ ಸುಮ್ನೆ ರಾಜೀನಾಮೆ ಅಂತ ಬರೆದಿರಲಾರರು.

ಅಂದರೆ ಬರ ಮುಗಿದ ಮೇಲೂ ಆತ ಬದುಕಿದ್ದ. ಊರಿಗೆ ಬಂದಿದ್ದ. ಹೊಲ ಬಿಟ್ಟುಕೊಟ್ಟು ಹೋದ. ಗಂಜಿಯ ಕಥೆ ಸುಳ್ಳು, ಅಥವಾ ಅರ್ಧ ಸುಳ್ಳು. ಹೊಲ ಬೇಡ ಅನ್ನುವವನಿಗೆ ಬೇರೆ ಎಲ್ಲೋ ಹೊಲ ಇರಬೇಕಲ್ಲ?

ಇದನ್ನು ನನ್ನ ಸೋದರತ್ತೆಗೆ ಹೇಳಿದೆ. ಅವರಿಗೆ 86 ವರ್ಷ. ಹಡಗಿನ ಕಥೆಯನ್ನು ಅವರು ಒಂದು ದಿನವೂ ನಂಬಿರಲಿಲ್ಲ. ನಾನು ಕೇಳಿದ್ದು ಇಷ್ಟೇ, ‘ಅತ್ತೆ, ನಮ್ಮವರು ಹೆಣ್ಣು ಕೊಡದ, ತರದ ಮನೆ ಯಾವುದಾದರೂ ಇದೆಯಾ?’ ಇದನ್ನು ಯಾಕೆ ಕೇಳಿದೆ ಅಂದರೆ, ಆತನಿಗೆ ಗಂಡುಮಕ್ಕಳಿದ್ದರೆ ಅವರೂ ನಮ್ಮ ಬೆಡಗಿನವರೇ. ಮದುವೆ ಸಂಬಂಧ ಆಗೋದಿಲ್ಲ. ಕಾರಣ ಮರೆತರೂ ನಿಷೇಧ ಉಳಿದಿರುತ್ತದೆ.

‘ಶಿರಾ ಕಡೆ ಒಂದು ಊರಲ್ಲಿ ಒಂದು ಮನೆ ಐತೆ ಕಣೋ. ಅವರು ನಮಗೆ ಅಣ್ತಮ್ಮ ಆಗ್ತಾರೆ ಅಂತ ನಮ್ಮಪ್ಪ ಅಂತಿದ್ದ. ಹೆಂಗೆ ಅಂತ ಕೇಳ್ಲಿಲ್ಲ. ನಂಗೆ ಆ ಮನೆ ಹುಡುಗನ್ನ ನೋಡಿದ್ರು, ಅದಕ್ಕೇ ತಪ್ಪೋಯ್ತು.’

ಎಪ್ಪತ್ತು ವರ್ಷದ ಹಿಂದೆ ತಪ್ಪಿದ ಗಂಡನ್ನು ನೆನೆದು ಅತ್ತೆ ನಕ್ಕರು. ಆ ಊರಿನ ಮಿಕ್ಕೆಲ್ಲ ಮನೆಗಳ ಜೊತೆ ನಮಗೆ ಕೊಟ್ಟು ತರುವ ಸಂಬಂಧ ಇದೆ. ಆ ಒಂದು ಮನೆಗೆ ಮಾತ್ರ ಇಲ್ಲ.

ಮುಂದಿನ ಭಾನುವಾರವೇ ಹೋದೆ. ಅವರ ಮನೆದೇವರು ನಮ್ಮ ಮನೆದೇವರೇ. ಊರಲ್ಲಿ ಬೇರೆ ಯಾರಿಗೂ ಆ ದೇವರಿಲ್ಲ, ಮಗುವಿನ ಕೂದಲು ತೆಗೆಸೋಕೆ ಇವರು ನಮ್ಮ ಕಡೆಗೆ ಬರುತ್ತಾರೆ. ಅವರ ಟ್ರಂಕಿನಲ್ಲಿ ಕಂದಾಯ ಕಟ್ಟಿದ ಹಳೆಯ ಪಟ್ಟೆ ಪುಸ್ತಕ ಇತ್ತು. ಅದರಲ್ಲಿ ಖಾತೆ ಒಬ್ಬ ಹೆಂಗಸಿನ ಹೆಸರಿನಲ್ಲಿದೆ. ಆಕೆಯ ಹೆಸರು, ಆಮೇಲೆ ‘ಕೋಂ’, ಆಮೇಲೆ ನಮ್ಮ ಚಿಕ್ಕಮುತ್ತಜ್ಜನ ಹೆಸರು. ಗಂಡಸರಿಗೆ ‘ಬಿನ್’ ಅಂತ ಹಾಕಿ ಅಪ್ಪನ ಹೆಸರು, ಮದುವೆಯಾದ ಹೆಂಗಸರಿಗೆ ‘ಕೋಂ’ ಅಂತ ಹಾಕಿ ಗಂಡನ ಹೆಸರು ಬರೆಯುವುದು ನಮ್ಮ ಪದ್ಧತಿ. ಗಂಡುಮಕ್ಕಳಿಲ್ಲದ ಮನೆಗೆ ಆತ ಮನೆ ಅಳಿಯನಾಗಿ ಹೋಗಿದ್ದ. ಜಮೀನು ಆಕೆಯದು. ನಾನು ಎಲ್ಲ ಕಡೆ ಆತನ ಹೆಸರಿನ ಖಾತೆ ಹುಡುಕುತ್ತಿದ್ದೆ. ಆತ ಇದ್ದದ್ದು ಹೆಂಡತಿಯ ಹೆಸರಿನ ಹಿಂದೆ.

ಅದೇ ಮನುಷ್ಯ ಅಂತ ಹೇಗೆ ಖಾತ್ರಿ? ಹಡಗಿನ ಪಾಠ ಆಗಿತ್ತಲ್ಲ, ಸುಮ್ಮನೆ ಒಪ್ಪಲಿಲ್ಲ. ಪುಸ್ತಕದ ಕೊನೆಯಲ್ಲಿ ಖಾತೆ ಮಗನ ಹೆಸರಿಗೆ ಬರುತ್ತದೆ. ಆ ಮಗನ ಹೆಸರು ಹೆಳವರು ಓದಿದ ಆ ಅಪ್ಪನ ಹೆಸರೇ. ಮೊಮ್ಮಗನಿಗೆ ಅಜ್ಜನ ಹೆಸರು. ಬೆಡಗು, ಮನೆದೇವರು, ನಿಷೇಧ, ಈ ಹೆಸರು, ನಾಲ್ಕೂ ಒಂದೇ ಕಡೆ ಕೈ ತೋರಿಸುತ್ತವೆ. ಕೋರ್ಟಿಗೆ ಇದು ಸಾಕಾಗಲಿಕ್ಕಿಲ್ಲ. ನನಗೆ ಸಾಕು. ಇಷ್ಟು ಹತ್ತಿರ ಇದ್ದವನನ್ನು ನಮ್ಮವರು ಸತ್ತ ಅಂತ ಯಾಕೆ ಅಂದರು ಅನ್ನುವುದಕ್ಕೆ ಕಾಗದ ಇಲ್ಲ. ಅಣ್ಣತಮ್ಮಂದಿರ ಹೊಲದ ವಿಷಯ, ನೀವೇ ಊಹಿಸಿಕೊಳ್ಳಿ.

ಹೋದ ಸುಗ್ಗಿಯಲ್ಲಿ ಹೆಳವರು ಮತ್ತೆ ಬಂದರು. ನಿಂತುಹೋದ ಕೊಂಬೆಗೆ ಮಗನ ಹೆಸರು, ಮೊಮ್ಮಕ್ಕಳ ಹೆಸರು ಬರೆಸಿದೆ. ಅತ್ತೆ ಗೋಡೆಗೆ ಒರಗಿ ಕೂತು ಕೇಳುತ್ತಿದ್ದರು.

‘ಆ ಹೆಣ್ಣಿನ ಹೆಸರೂ ಬರ್ಕೊಳಪ್ಪ’ ಅಂದರು.

‘ಹೆಣ್ಮಕ್ಕಳ ಹೆಸರು ನಾವು ಬರೆಯೋ ಪದ್ಧತಿ ಇಲ್ಲವಲ್ಲ ತಾಯಿ.’

ಅತ್ತೆ ಏನೂ ಹೇಳಲಿಲ್ಲ. ಒಳಗೆ ಹೋಗಿ ಮೊರದಲ್ಲಿ ಇನ್ನೂ ಎರಡು ಸೇರು ರಾಗಿ ತಂದು, ಅವರ ಚೀಲದ ಬಾಯಿ ಬಿಡಿಸಿ ಸುರಿದರು. ಹೆಳವರು ಮುಚ್ಚಿದ ದಫ್ತರ ಮತ್ತೆ ಬಿಚ್ಚಿದರು.